ವೀಸಾ ಬಾಗಿಲವರೆಗೆ, ಒಳಗಿರೋದಕ್ಕೆ ಬೇರೆ ಕಾಗದ

ಗಂಗಾವತಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಝೆರಾಕ್ಸ್, ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟ್ ಅರ್ಜಿ, ಎಲ್ಲ ಅಲ್ಲೇ. ನನ್ನ ಮುಂದಿನ ಕುರ್ಚಿಯಲ್ಲಿ ಜಾಸ್ತಿ ಹೊತ್ತು ಕೂರುವವರು ಎರಡು ಥರದವರು. ಸೌದಿ, ದುಬೈ, ಕುವೈತ್‌ಗೆ ದುಡಿಯಲು ಹೋದವರ ಮನೆಯವರು ಒಂದು ಕಡೆ. ಆನೆಗೊಂದಿ, ಸಾಣಾಪುರ, ಹನುಮನಹಳ್ಳಿ ಕಡೆ ಹೋಂಸ್ಟೇ ನಡೆಸುವವರು ಇನ್ನೊಂದು ಕಡೆ. ಅವರ ಮಕ್ಕಳು ಬೇರೆ ದೇಶದಲ್ಲಿ ವಿದೇಶಿಯರು. ಇವರ ಮನೆಯಲ್ಲಿ ಬೇರೆ ದೇಶದವರು ಬಂದು ಮಲಗುತ್ತಾರೆ. ಆದರೆ ಇಬ್ಬರೂ ಗಾಬರಿಯಾಗಿ ಬರುವುದು ಬಹಳ ಸಲ ಒಂದೇ ಕಾರಣಕ್ಕೆ. ಒಂದು ತಾರೀಕನ್ನು ಇನ್ನೊಂದು ತಾರೀಕು ಅಂತ ಓದಿಕೊಂಡಿರುತ್ತಾರೆ.

ಕಾರಟಗಿ ಕಡೆಯ ಒಬ್ಬ ತಾಯಿ ಬಂದಿದ್ದರು. ಮಗ ರಿಯಾದ್‌ನಲ್ಲಿ ಡ್ರೈವರ್. ಅವನ ರೂಮಿನ ಓಣಿಯಲ್ಲಿ ಪೊಲೀಸ್ ಚೆಕಿಂಗ್ ನಡೆದಿದೆ, ಪಕ್ಕದ ರೂಮಿನ ಇಬ್ಬರನ್ನು ಕರೆದುಕೊಂಡು ಹೋಗಿದ್ದಾರೆ. ಮಗ ತನ್ನ ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, 'ನಂದು ಸರಿ ಐತಿ, ಚಿಂತಿ ಮಾಡಬ್ಯಾಡ' ಅಂದಿದ್ದಾನೆ. ತಾಯಿ ಫೋನ್ ನನ್ನ ಕೈಗೆ ಕೊಟ್ಟು ಕೇಳಿದರು: "ತಮ್ಮಾ, ಇದು ಖೋಟಾ ಐತೇನು ನೋಡಪಾ. ಇಸ್ವಿ ಸಾವಿರದ ನಾಲ್ಕುನೂರ ನಲವತ್ತೇಳು ಅಂತ ಬರ್ದೈತಂತ."

ಖೋಟಾ ಅಲ್ಲ. ಅದು ಹಿಜ್ರಿ ವರ್ಷ. ಚಂದ್ರನ ಲೆಕ್ಕದ ಆ ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಕಡಿಮೆ. 1447 ಶುರುವಾದದ್ದು 2025ರ ಜೂನ್ ಕೊನೆಯಲ್ಲಿ. ಹೀಗಾಗಿ 'ಒಂದು ವರ್ಷದ ಇಕಾಮಾ' (ಸೌದಿಯ ವಾಸದ ಕಾರ್ಡು) ಅಂದರೆ ಹೋದ ವರ್ಷ ಮಾಡಿಸಿದ ತಾರೀಕಿಗೇ ಈ ವರ್ಷ ಮುಗಿಯುತ್ತದೆ ಅಂತ ಕೂತರೆ, ಹಿಜ್ರಿ ತಾರೀಕಿನ ಕಾರ್ಡು ಹನ್ನೊಂದು ದಿನ ಮೊದಲೇ ಮುಗಿದಿರುತ್ತದೆ. ಸೌದಿ ಸರ್ಕಾರದ ಅಬ್ಶರ್ ಆ್ಯಪಿನಲ್ಲಿ ಎರಡೂ ಲೆಕ್ಕದ ತಾರೀಕು ಕಾಣುತ್ತದೆ. ಇಂಗ್ಲಿಷ್ ತಾರೀಕನ್ನು ಅಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು.

ಅವರ ಚೀಲದಲ್ಲಿ ಇನ್ನೊಂದು ಕಾಗದವೂ ಇತ್ತು. ಮಗ ಹೋಗುವಾಗ ತೆಗೆಸಿಟ್ಟ ವೀಸಾದ ಝೆರಾಕ್ಸ್. ಅದರ ಮೇಲೆ 90 ದಿನ ಅಂತ ಇದೆ. ಅವನು ಹೋಗಿ ಒಂದೂವರೆ ವರ್ಷ ಆಗಿದೆ. ಅವರ ನಿಜವಾದ ಭಯ ಇದಾಗಿತ್ತು. ಓದು ಬಾರದ ಆ ತಾಯಿ ಯಾರ ಕೈಲೋ ಆ ಕಾಗದ ಓದಿಸಿದ್ದಾರೆ. ಓದಿದವರು, 'ವೀಸಾ ಯಾವಾಗಲೋ ಮುಗಿದೈತಲ್ಲ' ಅಂದುಬಿಟ್ಟಿದ್ದಾರೆ. ಆ ಒಂದು ಮಾತಿಗೆ ಅವರು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಅವರಿಗೆ ನಾನು ಹೇಳಿದ್ದು ನಮ್ಮೂರಿನ ಅಕ್ಕಿ ಮಿಲ್ಲಿನ ಲೆಕ್ಕ. ಭತ್ತದ ಲಾರಿ ಬಂದರೆ ಗೇಟಿನಲ್ಲಿ ಒಂದು ಚೀಟಿ ಬರೆಯುತ್ತಾರೆ. ಆ ಚೀಟಿಯಿಂದ ಗೇಟು ತೆಗೆಯುತ್ತದೆ, ಅಷ್ಟೇ. ಒಳಗೆ ಹೋದ ಮೇಲೆ ತೂಕದ ಚೀಟಿ ಬೇರೆ. ಹೊರಗೆ ಬರಬೇಕಾದರೆ ಗೇಟ್ ಪಾಸ್ ಬೇರೆ. ಒಳಗೆ ನಿಂತ ಲಾರಿಯವನನ್ನು ಯಾರೂ ಬೆಳಗಿನ ಗೇಟ್ ಚೀಟಿ ಕೇಳುವುದಿಲ್ಲ.

ದೇಶಗಳ ವ್ಯವಹಾರವೂ ಹಾಗೇ ನಡೆಯುತ್ತದೆ. ವೀಸಾ ಅನ್ನೋದು ಬಾಗಿಲವರೆಗಿನ ಚೀಟಿ. ಏರ್‌ಪೋರ್ಟಿನಲ್ಲಿ ಹಾಕುವ ಮುದ್ರೆ, ಎಷ್ಟು ದಿನ ಇರಬಹುದು ಅಂತ ಹೇಳುತ್ತದೆ. ಅಲ್ಲೇ ನೆಲೆಸಿ ದುಡಿಯುವವರಿಗೆ ಮೂರನೆಯದು ಬೇಕು: ವಾಸದ ಕಾರ್ಡು. ಸೌದಿಯಲ್ಲಿ ಅದರ ಹೆಸರು ಇಕಾಮಾ, ದುಬೈಯಲ್ಲಿ ಎಮಿರೇಟ್ಸ್ ಐಡಿ, ಕುವೈತ್‌ನಲ್ಲಿ ಸಿವಿಲ್ ಐಡಿ. ಸೌದಿಗೆ ಕೆಲಸದ ವೀಸಾದ ಮೇಲೆ ಇಳಿದವರಿಗೆ 90 ದಿನದ ಒಳಗೆ ಇಕಾಮಾ ಮಾಡಿಸಿಕೊಡಬೇಕು. ಮಾಡಿಸಬೇಕಾದವನು ಕೆಲಸ ಕೊಟ್ಟವನು. ಆ ಝೆರಾಕ್ಸಿನ 90 ದಿನದ ಕೆಲಸ ಅಲ್ಲಿಗೆ ಮುಗಿಯಿತು. ಅದಾದ ಮೇಲೆ ನೋಡಬೇಕಾದದ್ದು ಇಕಾಮಾದ ತಾರೀಕು ಮಾತ್ರ.

ಬಳ್ಳಾರಿಯಿಂದ ಅಮೆರಿಕಕ್ಕೆ ಹೋದ ಇಂಜಿನಿಯರ್ ಹುಡುಗರ ಮನೆಯಲ್ಲೂ ಇದೇ ಗೊಂದಲ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಮುಗಿದರೂ ಅಲ್ಲಿ ಕಾಯ್ದೆ ಪ್ರಕಾರವೇ ಇರಬಹುದು. ಎಷ್ಟು ದಿನ ಅನ್ನೋದನ್ನು ಹೇಳುವುದು ಐ-94 ಅನ್ನುವ ಬೇರೆ ದಾಖಲೆ. ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಉಲ್ಟಾ ಕೂಡ ಆಗುತ್ತದೆ, ಅದೇ ಜಾಸ್ತಿ ಅಪಾಯದ್ದು. ವೀಸಾ ಇನ್ನೂ ವರ್ಷಗಟ್ಟಲೆ ಇರುತ್ತದೆ. ಆದರೆ ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ, ಅಧಿಕಾರಿ ಐ-94ನ್ನು ಪಾಸ್‌ಪೋರ್ಟಿನ ತಾರೀಕಿಗೇ ನಿಲ್ಲಿಸಿಬಿಡಬಹುದು. ಪಾಸ್‌ಪೋರ್ಟ್ ಹೊಸದು ಮಾಡಿಸಿಕೊಂಡ ಹುಡುಗ ಎಲ್ಲ ಸರಿಯಾಯಿತು ಅಂತ ಕೂತಿರುತ್ತಾನೆ. ಐ-94 ಮಾತ್ರ ಹಳೆಯ ತಾರೀಕಿನಲ್ಲೇ ನಿಂತಿರುತ್ತದೆ. ಪ್ರತಿ ಸಲ ಅಮೆರಿಕದಲ್ಲಿ ಇಳಿದ ಮೇಲೆ ಅದನ್ನು ತೆಗೆದು ನೋಡೋದು ಐದು ನಿಮಿಷದ ಕೆಲಸ.

ಚೆಕಿಂಗ್‌ನಲ್ಲಿ ಏನು ನೋಡುತ್ತಾರೆ

ಗಲ್ಫ್‌ನಲ್ಲಿ ರಸ್ತೆಯಲ್ಲಿ ನಿಲ್ಲಿಸಿದರೆ ಕಾರ್ಡು ಕೇಳುತ್ತಾರೆ. ಝೆರಾಕ್ಸ್ ನಡೆಯುವುದಿಲ್ಲ. ಸೌದಿಯಲ್ಲಿ ಅಬ್ಶರ್ ಅಥವಾ ತವಕ್ಕಲ್ನಾ ಆ್ಯಪಿನಲ್ಲಿರುವ ಡಿಜಿಟಲ್ ಇಕಾಮಾ ನಡೆಯುತ್ತದೆ. ಯುಎಇಯಲ್ಲಿ 2022ರಿಂದ ಪಾಸ್‌ಪೋರ್ಟಿಗೆ ವೀಸಾ ಸ್ಟಿಕರ್ ಅಂಟಿಸುವುದನ್ನೇ ನಿಲ್ಲಿಸಿದ್ದಾರೆ. ಅಲ್ಲಿ ವಾಸಕ್ಕೆ ದಾಖಲೆ ಎಮಿರೇಟ್ಸ್ ಐಡಿಯೇ. 'ಪಾಸ್‌ಪೋರ್ಟಿನಲ್ಲಿ ವೀಸಾನೇ ಇಲ್ಲ, ಏಜೆಂಟ್ ಮೋಸ ಮಾಡಿದ' ಅಂತ ಜಗಳ ತೆಗೆಯುವ ಮೊದಲು ಇದು ಗೊತ್ತಿರಬೇಕು.

ಕಾರ್ಡಿನ ಮೇಲಿನ ಅಕ್ಷರಕ್ಕಿಂತ ಅದರ ನಂಬರ್ ಮುಖ್ಯ. ನಂಬರ್ ಹಾಕಿದರೆ ಅವರ ಯಂತ್ರದಲ್ಲಿ ಎಲ್ಲ ಬರುತ್ತದೆ. ಯಾವ ತಾರೀಕಿನವರೆಗೆ ಇದೆ, ಯಾರ ಹತ್ತಿರ ಕೆಲಸ, ಏನು ಕೆಲಸ, ಯಾರಾದರೂ ದೂರು ಕೊಟ್ಟಿದ್ದಾರಾ. ನಮ್ಮವರು ಸಿಕ್ಕಿಬೀಳುವುದು ಬರೀ ತಾರೀಕಿನಿಂದಲ್ಲ. ಕೆಲಸ ಕೊಟ್ಟವನ ಹೆಸರಿನಿಂದಲೂ ಸಿಕ್ಕಿಬೀಳುತ್ತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಎಲ್ಲ ಕಡೆ 'ಆಜಾದ್ ವೀಸಾ' ಅನ್ನುವ ಮಾತು ಕೇಳಿರುತ್ತೀರಿ. 'ಫ್ರೀ ವೀಸಾ' ಅಂತಲೂ ಅನ್ನುತ್ತಾರೆ. ಅಲ್ಲಿಗೆ ಹೋಗಿ ಯಾರ ಹತ್ತಿರ ಬೇಕಾದರೂ ದುಡಿಯಬಹುದು ಅಂತ ಏಜೆಂಟ್ ಹೇಳುತ್ತಾನೆ. ಆ ಹೆಸರಿನ ವೀಸಾ ಯಾವ ಸರ್ಕಾರವೂ ಕೊಡುವುದಿಲ್ಲ. ಆಗುವುದು ಇಷ್ಟೇ: ಅಲ್ಲಿನ ಒಬ್ಬ ಕಫೀಲ್, ಅಂದರೆ ವೀಸಾ ತೆಗೆಸಿ ಕರೆಸಿಕೊಳ್ಳುವ ಮಾಲೀಕ, ತನ್ನ ಹೆಸರಲ್ಲಿ ಒಬ್ಬ ಡ್ರೈವರ್, ಒಬ್ಬ ತೋಟದ ಕೆಲಸದವ ಬೇಕು ಅಂತ ವೀಸಾ ತೆಗೆಸುತ್ತಾನೆ. ಅದನ್ನು ಮಾರುತ್ತಾನೆ. ನಮ್ಮ ಹುಡುಗ ಹೋಗಿ ಬೇರೆ ಕಡೆ ಗಾರೆ ಕೆಲಸವೋ ವೈರಿಂಗೋ ಮಾಡುತ್ತಾನೆ. ತಿಂಗಳಿಗೆ ಇಷ್ಟು ಅಂತ ಕಫೀಲನಿಗೆ ಕೊಡುತ್ತಾನೆ. ಎಷ್ಟೋ ವರ್ಷ ನಡೆಯುತ್ತದೆ ಕೂಡ. ಚೆಕಿಂಗ್ ದಿನ ಮಾತ್ರ, ಕಾರ್ಡಿನಲ್ಲಿ ಒಬ್ಬರ ಮನೆ ಡ್ರೈವರ್, ನಿಂತಿರುವುದು ಬೇರೆಯವರ ಕಟ್ಟಡದ ಮೇಲೆ, ಕೈಯಲ್ಲಿ ಕರಣಿ. ಅಲ್ಲಿನ ಕಾಯ್ದೆಯಲ್ಲಿ ತನ್ನ ಕಫೀಲನನ್ನು ಬಿಟ್ಟು ಬೇರೆಯವರ ಹತ್ತಿರ ದುಡಿಯುವುದೇ ತಪ್ಪು. ಇಕಾಮಾ ತಾರೀಕು ಎಷ್ಟು ಮುಂದಿದ್ದರೂ ಆಗ ಉಪಯೋಗವಿಲ್ಲ.

ಆಮೇಲೆ ಹುರೂಬ್. ಓಡಿಹೋದವ ಅಂತ ಕಫೀಲ್ ಕೊಡುವ ದೂರು. ಗಲ್ಫ್‌ಗೆ ಹೋದವರ ಬಾಯಲ್ಲಿ ಇದಕ್ಕಿಂತ ಹೆದರಿಕೆಯ ಪದ ಇನ್ನೊಂದಿಲ್ಲ. ಸಂಬಳ ಕೊಡದೆ ಜಗಳ ಆದಾಗ, ಹುಡುಗ ರೂಮು ಬಿಟ್ಟು ಗೆಳೆಯನ ಹತ್ತಿರ ಹೋಗುತ್ತಾನೆ. ಮಾಲೀಕ ಕೂತಲ್ಲೇ ಆನ್‌ಲೈನ್‌ನಲ್ಲಿ ಹುರೂಬ್ ಹಾಕುತ್ತಾನೆ. ಈಗ ಸೌದಿಯಲ್ಲಿ ಕಂಪನಿ ಕೆಲಸಗಾರರಿಗೆ ಇಂಥ ದೂರು ಬಿದ್ದರೆ 60 ದಿನ ಅವಕಾಶ ಇರುತ್ತದೆ. ಅಷ್ಟರಲ್ಲಿ ಬೇರೆ ಮಾಲೀಕರಿಗೆ ವರ್ಗ ಆಗಬಹುದು, ಇಲ್ಲವೇ ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಬರಬಹುದು. ಆ ದಿನ ಮೀರಿದರೆ ಕಷ್ಟ. ಹೀಗಾಗಿ ಜಗಳ ಆದ ದಿನವೇ ಅಬ್ಶರ್ ತೆಗೆದು ತನ್ನ ಸ್ಥಿತಿ ಏನಂತ ತೋರಿಸುತ್ತದೆ ನೋಡಿಕೊಳ್ಳಬೇಕು, ರೂಮು ಬಿಡುವ ಮೊದಲು ಅಲ್ಲಿನ ಕಾರ್ಮಿಕ ಕಚೇರಿಗೆ ದೂರು ಹಾಕಬೇಕು. ದೂರು ಯಾರದು ಮೊದಲು ಅನ್ನೋದು ಆಮೇಲೆ ಬಹಳ ಲೆಕ್ಕಕ್ಕೆ ಬರುತ್ತದೆ.

ಇಕಾಮಾ ನವೀಕರಣದ ದುಡ್ಡು ಯಾರು ಕೊಡಬೇಕು? ಸೌದಿ ಕಾರ್ಮಿಕ ಕಾಯ್ದೆಯ 40ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕರೆಸಿಕೊಳ್ಳುವ ಖರ್ಚು, ಇಕಾಮಾ ಮತ್ತು ಕೆಲಸದ ಪರವಾನಗಿಯ ಶುಲ್ಕ, ತಡವಾದರೆ ಬೀಳುವ ದಂಡ, ಎಲ್ಲ ಕೆಲಸ ಕೊಟ್ಟವರದ್ದೇ. ಮೊದಲ ಸಲ ತಡವಾದರೆ 500 ರಿಯಾಲ್ ದಂಡ, ಎರಡನೇ ಸಲ 1000. ಮೂರನೇ ಸಲ ತಡವಾದರೆ ಆ ಕೆಲಸಗಾರನನ್ನೇ ದೇಶದಿಂದ ಕಳಿಸಬಹುದು. ತಪ್ಪು ಮಾಲೀಕನದು, ಊರಿಗೆ ಬರುವವನು ಹುಡುಗ. ಇದು ನನಗೆ ಯಾವತ್ತೂ ನ್ಯಾಯ ಅನಿಸಿಲ್ಲ. ಆದರೆ ಕಾಯ್ದೆ ಹಾಗಿದೆ. ಅದಕ್ಕೇ ತಾರೀಕಿಗೆ ಎರಡು ತಿಂಗಳು ಇರುವಾಗಲೇ ಮಾಲೀಕನಿಗೆ ವಾಟ್ಸಾಪ್‌ನಲ್ಲಿ ಬರೆದು ಕೇಳಿ ಅನ್ನುತ್ತೇನೆ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಮೆಸೇಜಿಗೆ ಇರುತ್ತದೆ. ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಳ್ಳುವುದೂ ಸೌದಿ, ಯುಎಇ ಎರಡರಲ್ಲೂ ಕಾಯ್ದೆಗೆ ವಿರುದ್ಧ.

ರಜೆಗೆ ಊರಿಗೆ ಬಂದವರಿಗೆ ಇನ್ನೊಂದು ತಾರೀಕು ಇದೆ, ಅದು ಮರೆತೇ ಹೋಗುತ್ತದೆ. ಸೌದಿಯಿಂದ ರಜೆಗೆ ಬರುವಾಗ ಎಕ್ಸಿಟ್-ರೀಎಂಟ್ರಿ, ಅಂದರೆ ಹೋಗಿ ಮತ್ತೆ ಬರುವ ಅನುಮತಿ, ತೆಗೆದುಕೊಂಡು ಬಂದಿರುತ್ತಾರೆ. ಅದು ಮುಗಿಯುವ ಮೊದಲು ಅಲ್ಲಿ ಇಳಿಯಬೇಕು. ಯುಎಇ, ಕುವೈತ್‌ನವರು ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ವಾಸದ ಪರವಾನಗಿಯೇ ಹೋಗಬಹುದು. ಊರಲ್ಲಿ ಮದುವೆ, ಮನೆ ಕಟ್ಟೋದು, ಅಪ್ಪನ ಆಪರೇಷನ್ ಅಂತ ಒಂದೊಂದೇ ತಿಂಗಳು ಮುಂದೆ ಹಾಕಿದವರು ಈ ಲೆಕ್ಕದಲ್ಲಿ ಸಿಕ್ಕಿಕೊಳ್ಳುತ್ತಾರೆ.

ಹೋಗುವ ಮೊದಲೇ ಇಲ್ಲಿ ನೋಡಬೇಕಾದದ್ದು

ಈಗಿನ ದೊಡ್ಡ ಮೋಸ ವಿಸಿಟ್ ವೀಸಾದ್ದು. 'ಈಗ ವಿಸಿಟ್ ಮೇಲೆ ಹೋಗು, ಅಲ್ಲಿ ಹೋದ ಮೇಲೆ ಕೆಲಸದ ವೀಸಾಕ್ಕೆ ಬದಲಾಯಿಸೋಣ' ಅನ್ನುತ್ತಾರೆ. ವಿಸಿಟ್ ವೀಸಾದ ಮೇಲೆ ದುಡಿಯುವುದು ತಪ್ಪು, ಸಂಬಳ ಕೇಳಲು ಕಾಯ್ದೆಯ ಬಲ ಇರುವುದಿಲ್ಲ. ಯುಎಇ 2024ರಲ್ಲಿ ಕಾಯ್ದೆ ಬಿಗಿ ಮಾಡಿತು. ಪರವಾನಗಿ ಇಲ್ಲದವರನ್ನು ದುಡಿಸಿಕೊಂಡರೆ ಮಾಲೀಕನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂ ದಂಡ. ದಿನ ಮೀರಿ ಉಳಿದರೆ ಉಳಿದವನಿಗೆ ದಿನಕ್ಕೆ 50 ದಿರ್ಹಂ. ನೂರು ದಿನ ಆದರೆ 5000 ದಿರ್ಹಂ, ಅಂದರೆ ಒಂದು ಲಕ್ಷ ರೂಪಾಯಿಗಿಂತ ಜಾಸ್ತಿ. ಆ ವರ್ಷದ ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಅಲ್ಲಿ ಕ್ಷಮಾದಾನ ಕೊಟ್ಟಿದ್ದರು. ದಂಡ ಕಟ್ಟದೆ ಊರಿಗೆ ಬರಬಹುದಿತ್ತು, ಇಲ್ಲವೇ ಕಾಗದ ಸರಿ ಮಾಡಿಕೊಳ್ಳಬಹುದಿತ್ತು. 'ಇನ್ನೊಮ್ಮೆ ಕ್ಷಮಾದಾನ ಬಂದೇ ಬರುತ್ತದೆ' ಅಂತ ನಂಬಿ ಕೂರುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ, ಅದರ ಮೇಲೆ ಲೆಕ್ಕ ಹಾಕಬೇಡಿ.

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಅಂಥವರು ಕೆಲಸಕ್ಕೆ ಅಂತ ಗಲ್ಫ್ ಸೇರಿ 18 ದೇಶಗಳಿಗೆ ಹೋಗಬೇಕಾದರೆ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕ ಅನುಮತಿ ಪಡೆಯಬೇಕು. ಸಾಮಾನ್ಯವಾಗಿ 30 ವರ್ಷ ತುಂಬದ ಹೆಣ್ಣುಮಕ್ಕಳಿಗೆ ಈ ಅನುಮತಿಯೇ ಸಿಗುವುದಿಲ್ಲ. ಈ ಅನುಮತಿ ತಪ್ಪಿಸೋಕೇ ಏಜೆಂಟರು ವಿಸಿಟ್ ವೀಸಾ ಹಿಡಿಸುವುದು. ಇದು ಸುಮ್ನೆ ತಲೆನೋವು ಅಂತ ಹುಡುಗರು ಅಂದುಕೊಳ್ಳುತ್ತಾರೆ. ಆದರೆ ಆ ದಾರಿಯಲ್ಲಿ ಹೋದವರಿಗೆ ಕೆಲಸದ ಒಪ್ಪಂದ ಮೊದಲೇ ದಾಖಲಾಗಿರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆ ಇರುತ್ತದೆ, ಅದರ ಕಂತು ಎರಡು ವರ್ಷಕ್ಕೆ 275 ರೂಪಾಯಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷ, ಒಂದೂವರೆ ಲಕ್ಷ ಕೇಳುವವನು ನೋಂದಾಯಿತನೋ ಇಲ್ಲವೋ ಅಂತ ಇ-ಮೈಗ್ರೇಟ್‌ನಲ್ಲಿ ಹೆಸರು ಹಾಕಿ ನೋಡಬಹುದು. ಹೊಲ ಅಡ ಇಟ್ಟು ದುಡ್ಡು ತಂದವರ ಮುಂದೆ ಆ ಪಟ್ಟಿ ತೆಗೆದು, ಹೆಸರು ಇಲ್ಲ ಅಂತ ಹೇಳುವುದು ಬಹಳ ನೋವಿನ ಕೆಲಸ. ದುಡ್ಡು ಕೊಡುವ ಮೊದಲು ಬನ್ನಿ.

ಪೊಲೀಸ್ ಕ್ಲಿಯರೆನ್ಸ್ ವಿಷಯ ಚಿಕ್ಕದು, ಹೇಳಿಬಿಡುತ್ತೇನೆ. ಇಲ್ಲಿನ ಕೆಲಸಗಳಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆಯುವುದು ಬೇರೆ. ಹೊರದೇಶಕ್ಕೆ ಬೇಕಾದದ್ದನ್ನು ಕೊಡುವುದು ಪಾಸ್‌ಪೋರ್ಟ್ ಕಚೇರಿ.

ನಮ್ಮೂರಿಗೆ ಬಂದ ವಿದೇಶಿಯರು

ಈಗ ನದಿ ಕಡೆ ಬರೋಣ. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತುಂಗಭದ್ರೆಯ ಈಚೆ ದಡ ನಮ್ಮ ಗಂಗಾವತಿ ತಾಲೂಕು. ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ತೆಗೆಸಿದರು. ಈಗ ವಿದೇಶಿಯರು ಸಾಣಾಪುರ, ಆನೆಗೊಂದಿ, ಹನುಮನಹಳ್ಳಿಯ ಮನೆಗಳಲ್ಲಿ ಉಳಿಯುತ್ತಾರೆ. ಭತ್ತದ ಗದ್ದೆ ಪಕ್ಕದಲ್ಲಿ ಎರಡು ರೂಮು ಕಟ್ಟಿದ ರೈತನಿಗೂ ಹೀಗಾಗಿ ಒಂದು ಸರ್ಕಾರಿ ಕೆಲಸ ಬಂದಿದೆ. ಸಿ ಫಾರ್ಮ್ ಅಂತ ಜನ ಕರೆಯುವುದು ಅದನ್ನೇ.

ವಿದೇಶಿಯರು ಬಂದು ಉಳಿದರೆ 24 ಗಂಟೆಯ ಒಳಗೆ ಅವರ ವಿವರ ಆನ್‌ಲೈನ್‌ನಲ್ಲಿ ಹಾಕಬೇಕು. ಫೋಟೋ, ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಭಾರತಕ್ಕೆ ಬಂದ ತಾರೀಕು, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ. ಬೆಂಗಳೂರಿನಲ್ಲಿ ಇದನ್ನು ನೋಡಲು ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ ಇದೆ. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಅಂದರೆ ಎಸ್‌ಪಿಯವರೇ. ಹೀಗಾಗಿ ಠಾಣೆಯಿಂದ ಬಂದು ರಿಜಿಸ್ಟರ್ ನೋಡಿದರೆ ಅದು ಯಾರ ಮೇಲೂ ಅನುಮಾನ ಅಂತ ಅಲ್ಲ. ಆನ್‌ಲೈನ್‌ನಲ್ಲಿ ಬಂದ ಹೆಸರು ಮತ್ತು ಮನೆಯಲ್ಲಿರುವ ಮನುಷ್ಯ ಒಂದೇನಾ ಅಂತ ನೋಡುತ್ತಾರೆ.

ಒಮ್ಮೆ ನಾನೇ ತಪ್ಪು ಮಾಡಿದ್ದೆ. ಅತಿಥಿಯೊಬ್ಬರು ತಮ್ಮ ಹುಟ್ಟಿದ ತಾರೀಕನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅವರ ದೇಶದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾನು ನಮ್ಮ ಥರ ಓದಿ ಹಾಕಿದೆ. ಮಾರನೇ ದಿನ ಆ ಮನೆಯವರು ಅತಿಥಿಯನ್ನು ಬೈಕ್ ಮೇಲೆ ಕೂರಿಸಿಕೊಂಡು ಪಾಸ್‌ಪೋರ್ಟ್ ಹಿಡಿದು ಠಾಣೆಗೆ ಹೋಗಿ ಬರಬೇಕಾಯಿತು. ಆವತ್ತಿನಿಂದ ಚೀಟಿ ನೋಡಿ ತುಂಬುವುದಿಲ್ಲ. ಪಾಸ್‌ಪೋರ್ಟನ್ನೇ ಮುಂದಿಟ್ಟುಕೊಂಡು ತುಂಬುತ್ತೇನೆ.

ಇಲ್ಲೂ ತಾರೀಕಿನ ಗೊಂದಲ ಹಾಗೇ ಇದೆ. ಸಾಣಾಪುರದ ಒಬ್ಬ ಹೋಂಸ್ಟೇಯವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. "ಅಣ್ಣಾ, ಈ ಹುಡುಗಿ ವೀಸಾ ನಿನ್ನೆನೇ ಮುಗಿದೈತಿ. ಈಗ ಹೊರಗ ಕಳಸಲೇನು?" ಆ ಹುಡುಗಿ ಒಬ್ಬಳೇ ಬಂದವಳು. ಕಾಗದದ ಫೋಟೋ ಕಳಿಸಿ ಅಂದೆ. ಅದು 30 ದಿನದ ಇ-ಟೂರಿಸ್ಟ್ ವೀಸಾದ ಅನುಮತಿ ಪತ್ರ. ಅದರ ಮೇಲಿರುವ ಕೊನೆಯ ತಾರೀಕು ಯಾವುದು ಅಂದರೆ, ಅಷ್ಟರೊಳಗೆ ಭಾರತಕ್ಕೆ ಬಂದು ಇಳಿಯಬೇಕು ಅಂತ. ಇರುವ 30 ದಿನದ ಎಣಿಕೆ ಶುರುವಾಗುವುದು ಇಳಿದ ದಿನದಿಂದ. ಪಾಸ್‌ಪೋರ್ಟಿನಲ್ಲಿ ಏರ್‌ಪೋರ್ಟಿನ ಮುದ್ರೆ ನೋಡಿ ಅಂದೆ. ಅವಳು ಬಂದು ಹನ್ನೆರಡು ದಿನ ಆಗಿತ್ತು. ಇನ್ನೂ ಹದಿನೆಂಟು ದಿನ ಬಾಕಿ. ಕಾರಟಗಿಯ ಆ ತಾಯಿಯ ಝೆರಾಕ್ಸ್ ಮತ್ತು ಈ ಹುಡುಗಿಯ ಕಾಗದ, ಎರಡರ ಕಥೆಯೂ ಒಂದೇ ಅಲ್ವಾ? ಎರಡೂ ಗೇಟ್ ಚೀಟಿ.

ಈಚೆಗೆ ಕಾಯ್ದೆಯೂ ಬದಲಾಗಿದೆ. 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದು, ವಲಸೆ ಮತ್ತು ವಿದೇಶಿಯರ ಕಾಯ್ದೆ 2025 ಅಂತ ಒಂದೇ ಮಾಡಿದ್ದಾರೆ. 2025ರ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ದಿನ ಮೀರಿ ಉಳಿದರೆ ಅಥವಾ ವೀಸಾದ ಷರತ್ತು ಮುರಿದರೆ 3 ವರ್ಷದವರೆಗೆ ಜೈಲು ಅಥವಾ 3 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದರೆ 5 ವರ್ಷದವರೆಗೆ, 5 ಲಕ್ಷದವರೆಗೆ. ಖೋಟಾ ಕಾಗದಕ್ಕೆ 2ರಿಂದ 7 ವರ್ಷ. ತಂಗಲು ಜಾಗ ಕೊಟ್ಟವರಷ್ಟೇ ಅಲ್ಲ, ವಿದೇಶಿಯರನ್ನು ಸೇರಿಸಿಕೊಂಡ ಕಾಲೇಜು, ಆಸ್ಪತ್ರೆಯವರೂ ಮಾಹಿತಿ ಕೊಡಬೇಕು. ಓದಲು, ಕೆಲಸಕ್ಕೆ ಅಂತ 180 ದಿನಕ್ಕಿಂತ ಜಾಸ್ತಿ ಅವಧಿಯ ವೀಸಾದ ಮೇಲೆ ಬಂದು ಉಳಿಯುವವರು 14 ದಿನದೊಳಗೆ ನೋಂದಣಿ ಮಾಡಿಸಬೇಕು. ಅದೂ ಈಗ ಇ-ಎಫ್‌ಆರ್‌ಆರ್‌ಒದಲ್ಲಿ ಮನೆಯಿಂದಲೇ ಆಗುತ್ತದೆ.

'ನಮ್ಮ ದೇಶದಲ್ಲಿ ಮಾತ್ರ ಇಷ್ಟು ಕಿರಿಕಿರಿ' ಅಂತ ಹೋಂಸ್ಟೇಯವರು ಬೇಸರ ಮಾಡಿಕೊಳ್ಳುತ್ತಾರೆ. ಹಾಗೇನಿಲ್ಲ. ಥಾಯ್ಲೆಂಡ್‌ನಲ್ಲೂ ವಿದೇಶಿಯರು ಬಂದ 24 ಗಂಟೆಯೊಳಗೆ ಮನೆ ಮಾಲೀಕರು ತಿಳಿಸಬೇಕು. ಟಿಎಂ 30 ಅಂತ ಅದರ ಹೆಸರು. ಬಹಳ ದಿನ ಇರುವವರು 90 ದಿನಕ್ಕೊಮ್ಮೆ ತಮ್ಮ ವಿಳಾಸ ತಿಳಿಸಬೇಕು. ದಿನ ಮೀರಿದರೆ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000. ಜಪಾನಿನಲ್ಲಿ ನೆಲೆಸಿದ ವಿದೇಶಿಯರು 16 ವರ್ಷ ಆದ ಮೇಲೆ ವಾಸದ ಕಾರ್ಡನ್ನು ಸದಾ ಜೊತೆಗಿಟ್ಟುಕೊಳ್ಳಬೇಕು, ಮನೆ ಬದಲಾಯಿಸಿದರೆ 14 ದಿನದೊಳಗೆ ತಿಳಿಸಬೇಕು. ಜರ್ಮನಿಯಲ್ಲೂ ಹೊಸ ಮನೆಗೆ ಹೋದ ಎರಡು ವಾರದಲ್ಲಿ ಹೆಸರು ಬರೆಸಬೇಕು. ಅಮೆರಿಕದಲ್ಲಿ ವಿಳಾಸ ಬದಲಾದರೆ 10 ದಿನ ಅವಕಾಶ. ಓದಲು ಹೋದ ಹುಡುಗರು ಬಾಡಿಗೆ ಕಡಿಮೆ ಅಂತ ರೂಮು ಬದಲಾಯಿಸುತ್ತಲೇ ಇರುತ್ತಾರೆ, ಇದನ್ನು ಮರೆಯುತ್ತಾರೆ.

ಹಿಡಿದರೆ

ಓಡಬಾರದು. ಓಡಿದವನ ಕಾಗದ ಸರಿಯಿದ್ದರೂ ಆಮೇಲೆ ಯಾರೂ ಕೇಳುವುದಿಲ್ಲ. ಕಾರ್ಡು ಕೊಟ್ಟು, ಮೆಲ್ಲಗೆ ಮಾತಾಡಬೇಕು. ವಿಡಿಯೋ ಮಾಡಲು ಹೋಗಬಾರದು. ಅರಬಿಯಲ್ಲಿ ಬರೆದ ಕಾಗದಕ್ಕೆ ಸಹಿ ಕೇಳಿದರೆ, ಏನಿದೆ ಅಂತ ಓದಿ ಹೇಳುವವರನ್ನು ಕೇಳಬೇಕು.

ಬಂಧಿಸಿದರೆ ಒಂದು ಹಕ್ಕು ಇದೆ. 1963ರ ವಿಯೆನ್ನಾ ಒಪ್ಪಂದದ 36ನೇ ಕಲಂ ಪ್ರಕಾರ, ಬಂಧಿತನಾದ ವಿದೇಶಿಯನು ಕೇಳಿದರೆ ಅವನ ದೇಶದ ರಾಯಭಾರ ಕಚೇರಿಗೆ ತಿಳಿಸಬೇಕು. 'ಇಂಡಿಯನ್ ಎಂಬಸಿ' ಅನ್ನುವ ಎರಡೇ ಪದ ಸಾಕು. ಎಂಬಸಿಯವರು ಬಿಡಿಸಿಕೊಂಡು ಬರುತ್ತಾರೆ ಅಂತ ಇದರ ಅರ್ಥವಲ್ಲ. ಅಲ್ಲಿನ ಕಾಯ್ದೆಗೆ ಅವರು ಕೈಹಾಕುವಂತಿಲ್ಲ. ಆದರೆ ಹೋಗಿ ಭೇಟಿ ಮಾಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು, ವಕೀಲರ ವ್ಯವಸ್ಥೆಗೆ ಸಹಾಯ ಮಾಡಬಹುದು, ಪಾಸ್‌ಪೋರ್ಟ್ ಕಳೆದಿದ್ದರೆ ಊರಿಗೆ ಬರುವಷ್ಟಕ್ಕೆ ತುರ್ತು ಪತ್ರ ಕೊಡಬಹುದು. ಟಿಕೆಟ್ಟಿಗೂ ಗತಿಯಿಲ್ಲದವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ 2009ರಿಂದ ಇದೆ. ಯಾರಿಗೆ ಕೊಡಬೇಕು ಅನ್ನೋದನ್ನು ಎಂಬಸಿಯವರೇ ನೋಡಿ ತೀರ್ಮಾನಿಸುತ್ತಾರೆ.

ಮನೆಯವರು ಇಲ್ಲಿಂದಲೇ ಮಾಡಬಹುದಾದದ್ದೂ ಇದೆ. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ 2015ರಲ್ಲಿ ಶುರುವಾಯಿತು. ಅದರಲ್ಲಿ ಮನೆಯವರ ಹೆಸರಲ್ಲೇ ದೂರು ಹಾಕಬಹುದು, ನಂಬರ್ ಸಿಗುತ್ತದೆ, ಎಲ್ಲಿಗೆ ಬಂತು ಅಂತ ನೋಡುತ್ತಿರಬಹುದು. ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಫೋನೂ ಇದೆ, 1800 11 3090. ಭಾರತದೊಳಗಿಂದ ಮಾಡಿದರೆ ದುಡ್ಡು ಬೀಳುವುದಿಲ್ಲ.

ದೂರು ತುಂಬಲು ನಾನು ಕೇಳುವುದು ಪಾಸ್‌ಪೋರ್ಟ್ ನಂಬರ್, ಇಕಾಮಾ ನಂಬರ್, ಕಫೀಲ್ ಅಥವಾ ಕಂಪನಿಯ ಹೆಸರು ಮತ್ತು ಫೋನ್, ಯಾವ ಊರಿನಲ್ಲಿದ್ದ, ಕೊನೆಗೆ ಯಾವತ್ತು ಮಾತಾಡಿದ. 'ಸೌದಿದಾಗ ಅದಾನ್ರಿ, ಮಾಲಕ ಭಾಳ ದೊಡ್ಡಾತ ಅಂತ' ಅಂದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಗೆಳೆಯರಿಗೆ ಫೋನ್ ಮಾಡಿ ಮಾಡಿ ಒಂದೊಂದು ನಂಬರ್ ಹುಡುಕುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಆ ದಿನಗಳಲ್ಲೇ ಅಲ್ಲಿ ಎಲ್ಲ ತೀರ್ಮಾನ ಆಗಿಬಿಡಬಹುದು. ಎಲ್ಲ ವಿವರ ತಂದವರದ್ದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಕಾರಟಗಿಯ ತಾಯಿಯ ಎದುರೇ ಮಗನಿಗೆ ಫೋನ್ ಹಚ್ಚಿ ಇವೆಲ್ಲ ಕೇಳಿ ಬರೆದುಕೊಂಡೆ. ಅಬ್ಶರ್ ತೆಗೆದು ಇಂಗ್ಲಿಷ್ ತಾರೀಕು ಓದು ಅಂದೆ. ಓದಿದ. ಇನ್ನು ಏಳು ವಾರ ಇತ್ತು. ನವೀಕರಣದ ಮಾತು ಮಾಲೀಕನ ಹತ್ತಿರ ತೆಗೆದಿದ್ದೀಯಾ ಅಂದರೆ, ಇಲ್ಲ, ಅವರೇ ಮಾಡಸ್ತಾರ ಅಂದ. ಇವತ್ತೇ ಮೆಸೇಜ್ ಹಾಕಿ, ಹಾಕಿದ್ದರ ಸ್ಕ್ರೀನ್‌ಶಾಟ್ ಅವ್ವನಿಗೆ ಕಳಿಸು ಅಂದೆ. ತಾಯಿ ಹಳೆಯ ವೀಸಾದ ಝೆರಾಕ್ಸನ್ನು ನನ್ನ ಟೇಬಲ್ ಮೇಲೆ ಬಿಟ್ಟು, ನಾನು ಬರೆದ ಹೊಸ ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡರು. ಸ್ಕ್ರೀನ್‌ಶಾಟ್ ಬರುವ ತನಕ ಕೂತೇ ಇದ್ದರು.